ಎಡಸೀಟಿನ ಮೇಷ್ಟ್ರು

ಕಾರು ಕಲಿಸುವ ಮೇಷ್ಟ್ರಿಗೆ ಸ್ವಂತ ಕಾರು ಇರಲಿಲ್ಲ. ಯಾರಾದರೂ ಕೇಳಿದರೆ, ಹೋಟೆಲಿನ ಅಡುಗೆಯವನು ಮನೆಗೆ ಹೋಗಿಯೂ ಒಲೆ ಹಚ್ಚಬೇಕೇನ್ರೀ ಎಂದು ಬಾಯಿ ಮುಚ್ಚಿಸುತ್ತಿದ್ದರು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವರು ಅವರು. ಆ ಅರ್ಧ ಊರನ್ನೂ ಹೀಯಾಳಿಸಿಯೇ ಕಲಿಸಿದವರು. ಕ್ಲಚ್ಚಿನಲ್ಲಿ ತಡವರಿಸಿದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, "ಕಾಲು ತಂದಿದ್ದೀರೋ, ಮನೇಲೇ ಬಿಟ್ಟು ಬಂದ್ರೋ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಹಾಗೆ ಕೇಳುತ್ತಲೇ, ಎಡಸೀಟಿನಲ್ಲಿ ತಮಗೆಂದು ಹಾಕಿಸಿಕೊಂಡಿದ್ದ ಇನ್ನೊಂದು ಬ್ರೇಕನ್ನು ಎಡಗಾಲಿನಿಂದ ಒತ್ತುತ್ತಿದ್ದರು. ಕಾರು ನಿಲ್ಲುತ್ತಿತ್ತು. ಇಷ್ಟು ವರ್ಷ ಹೀಗೆ ನಿಂತೂ ನಿಂತೂ, ತಮ್ಮ ಕಾಲು ಒತ್ತಿದರೆ ನಿಲ್ಲದ್ದು ಲೋಕದಲ್ಲಿ ಯಾವುದೂ ಇಲ್ಲ ಎಂಬ ನಂಬಿಕೆ ಅವರಲ್ಲಿ ಬೇರುಬಿಟ್ಟಿತ್ತು.

ಆ ಕಾಲಿಗೆ ಜಗ್ಗದವರು ಹೆಂಡತಿ ಒಬ್ಬರೇ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಆಕೆಗೂ ಕಲಿಸಲು ಹೊರಟು, ಆಕೆಗೂ ಅದೇ ಪ್ರಶ್ನೆ ಕೇಳಿದ್ದರು. ಆಕೆ ರಸ್ತೆ ಬದಿಗೆ ಕಾರು ನಿಲ್ಲಿಸಿ, ಇಳಿದು, ಮನೆಗೆ ನಡೆದುಬಿಟ್ಟರು. ಆಮೇಲೆ ಎದುರು ಬೀದಿಯ ಡ್ರೈವಿಂಗ್ ಶಾಲೆಗೆ ಸೇರಿ ಲೈಸೆನ್ಸು ತಂದರು. ಅದನ್ನು ಮೇಷ್ಟ್ರು ಕಾಫಿ ಕುಡಿಯುವ ಕುರ್ಚಿಯ ಎದುರಿಗೇ, ಶೋಕೇಸಿನ ಗಾಜಿಗೆ ಒರಗಿಸಿಟ್ಟರು. ಅಣ್ಣನ ಮನೆಗೆ ಹೋದಾಗಲೆಲ್ಲ ಅವನ ಕಾರು ಓಡಿಸಿ ಕೈ ಪಳಗಿಸಿಕೊಂಡರು. ಮೇಷ್ಟ್ರು ಅದನ್ನು ಡ್ರೈವಿಂಗ್ ಎಂದು ಒಪ್ಪಿರಲಿಲ್ಲ. ಎದುರು ಬೀದಿಯವನು ಕಲಿಸಿದ್ದು ಡ್ರೈವಿಂಗಾ ಎನ್ನುತ್ತಿದ್ದರು.

ಈಗ ಹೆಂಡತಿ ಕೆಲಸಕ್ಕಿದ್ದ ಆಸ್ಪತ್ರೆಯವರು ಆಕೆಯನ್ನು ಊರಾಚೆಯ ಹೊಸ ಕಟ್ಟಡಕ್ಕೆ, ಹೆರಿಗೆ ವಾರ್ಡಿನ ಹಿರಿಯ ನರ್ಸಾಗಿ ಹಾಕಿದ್ದರು. ಅಲ್ಲಿನ ಬಸ್ಸಿಗೂ ಆಕೆಯ ಪಾಳಿಗೂ ತಾಳಮೇಳವಿರಲಿಲ್ಲ. ಕಾರು ಬೇಕು ಎಂದರು. ಕೊಳ್ಳೋಣ, ನಾನೇ ಬಿಟ್ಟು ಕರಕೊಂಡು ಬರ್ತೀನಿ ಎಂದರು ಮೇಷ್ಟ್ರು. ಅಂದರೆ ಇವರ ಪಾಠ ಮುಗಿಯುವ ತನಕ ಆಕೆ ಗೇಟಿನ ಹತ್ತಿರ ಕಾಯಬೇಕು. ಆಮೇಲೆ ದಾರಿಯುದ್ದಕ್ಕೂ ಕಂಡವರ ಡ್ರೈವಿಂಗ್ ಬಗ್ಗೆ ಪ್ರವಚನ ಕೇಳಬೇಕು. ಆಕೆಗೆ ಬೇಕಾಗಿದ್ದದ್ದು ಕೀಲಿ.

ಸೆಕೆಂಡ್ ಹ್ಯಾಂಡ್ ಸೆಡಾನು ಎರಡು ಗೊತ್ತಾದವು. ಬಿಳಿಯದು ಬ್ರೋಕರನ ಅಂಗಳದಲ್ಲಿತ್ತು. ಟೈರಿಗೂ ಪಾಲಿಶ್ ಬಳಿದಿದ್ದ. ಬಾಗಿಲು ತೆರೆದರೆ ಸೆಂಟಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಮದುಮಗಳ ಥರ ಇದೆ ಸಾರ್ ಎಂದ. "ಅಜ್ಜಿಗೆ ಪೌಡರ್ ಹಾಕಿ ಕೂರಿಸಿದ್ದೀಯ" ಎಂದರು ಮೇಷ್ಟ್ರು. ಬ್ರೋಕರ್ ಕೀಲಿ ಚಾಚಿದ. ಮೇಷ್ಟ್ರು ಅಭ್ಯಾಸಬಲದಿಂದ ಕಾರನ್ನು ಸುತ್ತಿಕೊಂಡು ಹೋಗಿ ಎಡಬಾಗಿಲು ತೆರೆದು ಕೂತರು. ಹೆಂಡತಿ ಕೀಲಿ ತೆಗೆದುಕೊಂಡು ಸ್ಟೇರಿಂಗ್ ಮುಂದೆ ಕೂತರು.

ಬಿಳಿ ಕಾರು ಒಂದೇ ಸಮನೆ ಎಡಕ್ಕೆ ಎಳೆಯುತ್ತಿತ್ತು. ಕ್ಲಚ್ಚು ಎಷ್ಟು ಬಿಗಿಯೆಂದರೆ, ಒತ್ತಿದರೆ ಹೆಂಡತಿಯ ಮಂಡಿ ಕಿರುಗುಟ್ಟುತ್ತಿತ್ತು. ಆಕೆ ಅದನ್ನು ನಂಬದೆ, ಪ್ರತಿ ತಿರುವಿಗೂ ಬಹಳ ಮೊದಲೇ ಬ್ರೇಕು ಹಾಕುತ್ತ ಆಮೆಯಂತೆ ಓಡಿಸಿದರು. ಅದೇ ಹೊತ್ತಿಗೆ ಮೇಷ್ಟ್ರ ಎಡಗಾಲೂ ಮುಂದಿದ್ದ ಮ್ಯಾಟನ್ನು ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಕಾರು ನಿಲ್ಲುತ್ತಿತ್ತು. ಮೇಷ್ಟ್ರ ಮುಖ ಅರಳಿತು. ಬ್ರೇಕು ಅಂದರೆ ಇದು, ಬೆಣ್ಣೆ ಎಂದು ತೀರ್ಪು ಕೊಟ್ಟರು.

ಬೂದು ಬಣ್ಣದ್ದು ಹಲ್ಲಿನ ಡಾಕ್ಟ್ರಮ್ಮನದು. ಚಾವಣಿಯ ಬಣ್ಣ ಮಾಸಿತ್ತು, ಹಿಂಬಾಗಿಲಿನ ಮೇಲೆ ಉದ್ದ ಗೀರು. ಊರವರ ಹಲ್ಲು ಉಜ್ಜುವವರಿಗೆ ಕಾರು ಉಜ್ಜಲು ಕೈ ಬರಲಿಲ್ಲವಾ ಎಂದು ಮೇಷ್ಟ್ರು ಹೆಂಡತಿಯ ಕಿವಿಯಲ್ಲಿ ಗೊಣಗಿ, ಮತ್ತೆ ಎಡಕ್ಕೇ ಕೂತರು. ಡಾಕ್ಟ್ರಮ್ಮ ಹಿಂದೆ ಕೂತರು. ಈ ಕಾರು ಹೇಳಿದ ಮಾತು ಕೇಳುತ್ತಿತ್ತು. ಸ್ಟೇರಿಂಗ್ ಹಿಡಿದ ಹೆಂಡತಿಯ ಹೆಗಲು ಸಡಿಲಾಯಿತು. ದೂರದಲ್ಲೊಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಮೇಷ್ಟ್ರು ಮ್ಯಾಟು ಒತ್ತಿದರು. ಕಾರು ಹೋಗುತ್ತಲೇ ಇತ್ತು. ಇನ್ನೂ ಜೋರಾಗಿ ಒತ್ತಿದರು. ಆಕೆ ತಮಗೆ ಬೇಕಾದ ಜಾಗಕ್ಕೆ ಬಂದು, ಮೆಲ್ಲಗೆ ನಿಲ್ಲಿಸಿದರು.

"ಇದಕ್ಕೆ ಬ್ರೇಕೇ ಇಲ್ಲ" ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ. "ನಾನು ಅಷ್ಟು ಒತ್ತಿದೆ, ನಿಲ್ಲಲೇ ಇಲ್ಲ."

ಡಾಕ್ಟ್ರಮ್ಮ ಹಿಂದಿನಿಂದ ಬಗ್ಗಿ ಮೇಷ್ಟ್ರ ಕಾಲು ನೋಡಿದರು.

"ರೀ, ಏನನ್ನ ಒತ್ತಿದ್ರಿ?" ಎಂದು ಹೆಂಡತಿ ಕೇಳಿದರು.

ಮೇಷ್ಟ್ರೂ ಕೆಳಗೆ ನೋಡಿದರು. ರಬ್ಬರ್ ಮ್ಯಾಟಿನ ಮೇಲೆ ಬೂಟಿನ ಗುರುತು ಮೂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಮೇಷ್ಟ್ರು, ಬ್ರೇಕು ಎಲ್ಲಿದ್ದರೂ ನನ್ನ ಕಾಲಿಗೆ ಗೊತ್ತಾಗುತ್ತೆ, ಇಳಿ, ತೋರಿಸ್ತೀನಿ ಎಂದರು. ಇಬ್ಬರೂ ಜಾಗ ಬದಲಾಯಿಸಿದರು. ಮೇಷ್ಟ್ರು ಕಾರನ್ನು ವಾಪಸು ಕ್ಲಿನಿಕ್ಕಿನ ಕಡೆ ಹೊರಡಿಸಿದರು.

ಡಾಕ್ಟ್ರಮ್ಮನ ಕ್ಲಿನಿಕ್ಕಿನ ಅಂಗಳ ಗೋಡೆಯ ಕಡೆಗೆ ಸ್ವಲ್ಪ ಇಳಿಜಾರು. ಗೋಡೆಯ ಮೇಲೆ, ನಗುತ್ತಿರುವ ಹಲ್ಲೊಂದರ ಆಳೆತ್ತರದ ಚಿತ್ರ. ಅಂಗಳಕ್ಕೆ ತಿರುಗಿದ್ದೇ, ಈಗ ನೋಡು ಎಂದು ಮೇಷ್ಟ್ರು ತಮ್ಮ ಹೆಸರುವಾಸಿ ಎಡಗಾಲಿನಿಂದ ಒತ್ತಿದರು. ಆ ಸೀಟಿನಲ್ಲಿ ಎಡಗಾಲಿಗೆ ಸಿಗುವುದು ಕ್ಲಚ್ಚು. ಎಂಜಿನ್ನಿನ ಹಿಡಿತ ತಪ್ಪಿದ ಕಾರು ಇಳಿಜಾರಿನಲ್ಲಿ ಹಾಯಾಗಿ ಉರುಳತೊಡಗಿತು. ಮೇಷ್ಟ್ರು ಮತ್ತಷ್ಟು ಒತ್ತಿದರು.

"ನೋಡು, ನೋಡು, ಬ್ರೇಕೇ ಇಲ್ಲ ಅಂತ ನಾನು ಹೇಳಲಿಲ್ಲವಾ" ಎಂದರು, ಗೆದ್ದ ದನಿಯಲ್ಲಿ. ಹಲ್ಲು ನಗುತ್ತ ಹತ್ತಿರ ಬರುತ್ತಿತ್ತು.

ಹೆಂಡತಿ ಎಡಸೀಟಿನಿಂದ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಆಕೆ ದನಿ ಏರಿಸಲಿಲ್ಲ.

"ಕಾಲು ತಂದಿದ್ದೀರೋ, ಮನೇಲೇ ಬಿಟ್ಟು ಬಂದ್ರೋ?"

ಮೇಷ್ಟ್ರು ಬಾಗಿಲು ತೆರೆದು ಇಳಿದು, ಅಂಗಳ ದಾಟಿ, ಬಸ್ ಸ್ಟಾಪಿನ ಕಡೆ ನಡೆದರು. ಆಕೆ ಕರೆಯಲಿಲ್ಲ. ಡಾಕ್ಟ್ರಮ್ಮನ ಜೊತೆ ಒಳಗೆ ಹೋಗಿ ವ್ಯಾಪಾರದ ಮಾತು ಮುಗಿಸಿದರು.

ಈಗ ಬೆಳಗಿನ ಪಾಳಿ ಇದ್ದ ದಿನ ಬೂದು ಕಾರು ಮೊದಲು ಡ್ರೈವಿಂಗ್ ಶಾಲೆಯ ಮುಂದೆ ನಿಲ್ಲುತ್ತದೆ. ಕಾಯುತ್ತಿರುವ ವಿದ್ಯಾರ್ಥಿಗಳ ಎದುರಿಗೆ ಎಡಬಾಗಿಲಿನಿಂದ ಮೇಷ್ಟ್ರು ಇಳಿಯುತ್ತಾರೆ. ಕಾರು ಆಸ್ಪತ್ರೆಯ ಕಡೆ ಹೊರಡುತ್ತದೆ. ಕಾರಿನಲ್ಲಿದ್ದಷ್ಟು ಹೊತ್ತೂ ಅವರ ಎಡಗಾಲಿಗೆ ನೆಮ್ಮದಿ ಇಲ್ಲ. ಹೆಂಡತಿ ಊಟದ ಚೀಲವನ್ನು ಸರಿಯಾಗಿ ಆ ಕಾಲು ಒತ್ತುವ ಜಾಗಕ್ಕೇ ಇಡುತ್ತಾರೆ.

"ಡಬ್ಬಿಯಲ್ಲಿ ಸಾರಿದೆ, ಒತ್ತಬೇಡಿ" ಎನ್ನುತ್ತಾರೆ.