ಎರಡು ಸಾಲು ಕುರ್ಚಿ

ಸಿಡ್ನಿಯ ಟೂಂಗಾಬಿಯಲ್ಲಿ ನಾವಿದ್ದ ಒಂಬತ್ತು ವರ್ಷಗಳಲ್ಲಿ ನಾನು ಅಕ್ಕ ಎಂದು ಕರೆದದ್ದು ಒಬ್ಬರನ್ನೇ. ಒಡಹುಟ್ಟಿದವರಲ್ಲ. ನಮ್ಮ ಹಾಗೆಯೇ ಮೈಸೂರಿನಿಂದ ಬಂದವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ಅಲ್ಲಿ ಎಲ್ಲರೂ ಎಲ್ಲರಿಗೂ ಆಂಟಿ, ಅಂಕಲ್. ಅವರನ್ನು ಮಾತ್ರ ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ.

ನನ್ನ ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದಿದೆ ಎಂದು ಗೊತ್ತಾದಾಗ ಮಗಳಿಗೆ ಆರು ವರ್ಷ. ಗಡ್ಡೆ ತೆಗೆದರು. ಜೀವ ಉಳಿಯಿತು, ಸೊಂಟದ ಕೆಳಗಿನ ಶಕ್ತಿ ಉಳಿಯಲಿಲ್ಲ. ಮೂರು ತಿಂಗಳು ಆಸ್ಪತ್ರೆಯಲ್ಲೇ ಇದ್ದು, ಗಾಲಿಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಗಾಲಿಕುರ್ಚಿಗೆ ಜಾರಿ ಕೂರುವುದನ್ನು ಕಲಿತೆ. ಗಂಡ ಆಫೀಸು, ಮಗಳ ಸ್ಕೂಲು ಎಂದು ಒದ್ದಾಡುತ್ತಿದ್ದಾಗ ಅಕ್ಕ ದಿನ ಬಿಟ್ಟು ದಿನ ಟ್ರೈನಿನಲ್ಲಿ ಬರುತ್ತಿದ್ದರು. ಸ್ಟೀಲ್ ಡಬ್ಬಿಯಲ್ಲಿ ಸಾರನ್ನ, ಇನ್ನೊಂದರಲ್ಲಿ ಬೀನ್ಸ್ ಪಲ್ಯ. ಒಂದು ದಿನ ನಾನು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದೆ. ಸಮಾಧಾನ ಹೇಳಲಿಲ್ಲ ಅವರು. "ಅತ್ತು ಮುಗಿಸು. ಆಮೇಲೆ ತಲೆ ಬಾಚ್ತೀನಿ, ಸಿಕ್ಕು ಸಿಕ್ಕಾಗಿದೆ," ಎಂದು ಬಾಚಣಿಗೆ ಹಿಡಿದು ಕುರ್ಚಿಯಲ್ಲಿ ಕಾದರು. ಮುಂದೆ ಆದದ್ದನ್ನೆಲ್ಲ ಬರೆಯುವಾಗಲೂ ಇದನ್ನು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಮೈಸೂರಿನಲ್ಲೂ ಸಿಡ್ನಿಯಲ್ಲೂ ಕಟ್ಟಡಗಳ ನಕ್ಷೆ ಬರೆಯುವುದೇ ನನ್ನ ಕೆಲಸ. ಬಾಗಿಲಿನ ಹೊಸಿಲಿಗೆ ಐದು ಸೆಂಟಿಮೀಟರ್ ಎಂದು ಎಷ್ಟು ಸಲ ಯೋಚನೆಯಿಲ್ಲದೆ ಬರೆದಿದ್ದೆನೋ. ಆ ಐದು ಸೆಂಟಿಮೀಟರಿನ ಮುಂದೆ ಚಕ್ರ ನಿಂತಾಗ ಅದು ಏನೆಂದು ತಿಳಿಯಿತು. ಆದರೂ ಊರು ನನ್ನನ್ನು ಪೂರ್ತಿ ಹೊರಗಿಡಲಿಲ್ಲ. ಸ್ಟೇಷನ್ನಿನಲ್ಲಿ ಸಿಬ್ಬಂದಿ ಟ್ರೈನಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹಲಗೆ ಹಾಕಿ ಹತ್ತಿಸುತ್ತಿದ್ದರು. ಲಿಫ್ಟ್ ಕೆಟ್ಟ ದಿನ ಮುಂದಿನ ಸ್ಟೇಷನ್ನಿಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರಬೇಕಾಗುತ್ತಿತ್ತು. ಸಿಟ್ಟು ಬರುತ್ತಿತ್ತು, ಮನೆ ಸೇರುತ್ತಿದ್ದೆ.

ಕಷ್ಟವಾದದ್ದು ನಮ್ಮವರ ನಡುವೆ. ಮಾರ್ಸ್ಡನ್ ಪಾರ್ಕ್ ಎಂಬ ಹೊಸ ಬಡಾವಣೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮನೆ ಕಟ್ಟಿಸುತ್ತಿದ್ದರು. ಗೃಹಪ್ರವೇಶಕ್ಕೆ ಕರೆಯುತ್ತಿದ್ದರು. ಬಾಗಿಲಲ್ಲಿ ಎರಡು ಮೆಟ್ಟಿಲು, ಕೆಳಗಿನ ಟಾಯ್ಲೆಟ್ಟಿನ ಬಾಗಿಲು ನನ್ನ ಕುರ್ಚಿಗಿಂತ ಸಣ್ಣದು. ಅಂಥ ದಿನ ಬೆಳಗಿನಿಂದ ನೀರು ಕುಡಿಯದೆ ಹೋಗುತ್ತಿದ್ದೆ. ಯಾರಾದರೂ ಎತ್ತುತ್ತಿದ್ದರು. "ಪರವಾಗಿಲ್ಲ, ಪರವಾಗಿಲ್ಲ," ಎನ್ನುತ್ತಿದ್ದೆ. ಎತ್ತಿದವರಿಗೆ ನಾನು ಸಮಾಧಾನ ಹೇಳುತ್ತಿದ್ದೆ.

ಆಗಲೇ ನಮ್ಮ ಭಾಗದ ಕನ್ನಡಿಗರ ಗುಂಪಿಗೆ ಒಂದು ಹಳೆಯ ಹಾಲ್ ಸಿಕ್ಕಿತು. ರಿಪೇರಿಯಾಗಬೇಕಿತ್ತು. ಅಂಗವಿಕಲರಿಗೂ ಅನುಕೂಲವಾಗುವಂತೆ ಸರಿಪಡಿಸಿದರೆ ಸ್ಥಳೀಯ ಆಡಳಿತದ ಕೌನ್ಸಿಲ್ ಗ್ರಾಂಟ್ ಕೊಡುತ್ತದೆ ಎಂದು ತಿಳಿಯಿತು. ಅಕ್ಕ ಕಮಿಟಿಯ ಸೆಕ್ರೆಟರಿ. ನಮ್ಮ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿದರು.

"ನಿನ್ನ ಕಥೆ ನೀನೇ ಬರಿ. ನಾವು ಬರೆದ್ರೆ ಭಾಷಣ ಆಗುತ್ತೆ. ಡ್ರಾಯಿಂಗೂ ನೀನೇ ನೋಡ್ಕೋ. ಇನ್ಮೇಲೆ ಎಲ್ಲೂ ನಿನ್ನನ್ನ ಯಾರೂ ಎತ್ತೋ ಹಾಗಿರಬಾರ್ದು, ಕನಿಷ್ಠ ನಮ್ಮ ಹಾಲ್‌ನಲ್ಲಿ."

ಆ ಕೊನೆಯ ಮಾತಿಗೆ ನಾನು ಕರಗಿಹೋದೆ. ಯಾರಿಗೂ ಹೇಳದಿದ್ದ ನೀರು ಕುಡಿಯದ ವಿಷಯವನ್ನೂ ಅರ್ಜಿಯಲ್ಲಿ ಬರೆದೆ. ಕುರ್ಚಿಯಲ್ಲಿ ಕೂತ ನನ್ನ ಫೋಟೋ ಅದರ ಮೊದಲ ಪುಟಕ್ಕೆ ಹೋಯಿತು. ರಾತ್ರಿ ಮಗಳು ಮಲಗಿದ ಮೇಲೆ ವಾರಗಟ್ಟಲೆ ನಕ್ಷೆ ತಿದ್ದಿದೆ. ಹೊರಗಿನ ರ‍್ಯಾಂಪ್, ಅಗಲದ ಬಾಗಿಲು, ಕುರ್ಚಿ ಪೂರ್ತಿ ತಿರುಗುವಷ್ಟು ಜಾಗವಿರುವ ಟಾಯ್ಲೆಟ್. ಎಲ್ಲಕ್ಕಿಂತ ತಲೆ ಕೆಡಿಸಿಕೊಂಡದ್ದು ವೇದಿಕೆಗೆ. ಅದು ಅರವತ್ತು ಸೆಂಟಿಮೀಟರ್ ಎತ್ತರ. ಇನ್ನೊಬ್ಬರ ಸಹಾಯವಿಲ್ಲದೆ ಹತ್ತುವಷ್ಟು ಇಳಿಜಾರು ಬೇಕೆಂದರೆ ಸುಮಾರು ಎಂಟೂವರೆ ಮೀಟರ್ ಉದ್ದ ಬೇಕು. ಆ ರ‍್ಯಾಂಪನ್ನು ಎಡಗೋಡೆಗೆ ಒರಗಿಸಿ, ಮೂಲೆಯಲ್ಲಿ ತಿರುಗಿಸಿ, ವೇದಿಕೆಗೆ ಸೇರಿಸಿದೆ. ನಮ್ಮಲ್ಲಿ ಹಾಡುವ ಮಕ್ಕಳಿದ್ದರು, ಪಾರ್ಶ್ವವಾಯು ಬಡಿದ ಅಂಕಲ್ ಒಬ್ಬರಿದ್ದರು, ಒಂದಲ್ಲ ಒಂದು ದಿನ ಮಂಡಿ ಹಿಡಿಯುವ ಎಲ್ಲರೂ ಇದ್ದರು. ಅಂಗವಿಕಲರೆಂದರೆ ಕೆಳಗೆ ಕೂತು ನೋಡುವವರು ಮಾತ್ರ ಎಂದು ಯಾಕೆ ಅಂದುಕೊಳ್ಳಬೇಕು?

ಗ್ರಾಂಟ್ ಸಿಕ್ಕಿತು. ಕೆಲಸ ಶುರುವಾಯಿತು. ನೋಡಿಬರುತ್ತೇನೆ ಎಂದಾಗಲೆಲ್ಲ ಅಕ್ಕ ತಡೆಯುತ್ತಿದ್ದರು. "ಬೇಡ ಕಣೇ, ಎಲ್ಲ ಕಡೆ ಧೂಳು, ಮೊಳೆ. ಟೈರ್ ಪಂಕ್ಚರ್ ಆದ್ರೆ ಏನ್ ಮಾಡ್ತೀಯ? ಎಲ್ಲ ನಿನ್ನ ಪ್ಲಾನ್ ಪ್ರಕಾರಾನೇ ನಡೀತಿದೆ." ಫೋಟೋ ಕೇಳಿದರೆ ಕಳಿಸುತ್ತಿದ್ದರು. ಹೊರಗಿನ ರ‍್ಯಾಂಪ್, ಬಾಗಿಲು, ಟಾಯ್ಲೆಟ್ಟಿನ ಹಿಡಿಕೆ. ವೇದಿಕೆಯ ಫೋಟೋ ಒಂದೂ ಬಂದಿರಲಿಲ್ಲ. ಆಗ ಅದು ನನಗೆ ಹೊಳೆಯಲೇ ಇಲ್ಲ.

ಉದ್ಘಾಟನೆ ಒಂದು ಭಾನುವಾರ ಬೆಳಿಗ್ಗೆ. ಎರಡು ಮಾತು ಆಡಬೇಕೆಂದು ಹೇಳಿದ್ದರು, ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಹೊರಗಿನ ರ‍್ಯಾಂಪ್ ಅಚ್ಚುಕಟ್ಟಾಗಿತ್ತು. ಅಗಲವಾದ ಬಾಗಿಲಿನಿಂದ ಗಂಡ, ಮಗಳ ಜೊತೆ ಅಕ್ಕಪಕ್ಕದಲ್ಲೇ ಒಳಗೆ ಹೋದೆ. ಯಾರೂ ಮುಂದೆ ಓಡಿ ದಾರಿ ಬಿಡಿಸಬೇಕಾಗಲಿಲ್ಲ. ಆ ಐದು ನಿಮಿಷ ನಾನು ನಿಜವಾಗಿ ಖುಷಿಯಾಗಿದ್ದೆ.

ಆಮೇಲೆ ವೇದಿಕೆ ನೋಡಿದೆ. ಮುಂದೆ ಮೂರು ಮೆಟ್ಟಿಲು, ಅವುಗಳ ಮೇಲೆ ಸೇವಂತಿಗೆ ದಳ ಉದುರಿಸಿದ್ದರು. ರ‍್ಯಾಂಪ್ ಪರದೆಯ ಹಿಂದಿರಬಹುದು ಎಂದುಕೊಂಡು ಎಡಗೋಡೆಯ ಕಡೆ ಹೋದೆ. ನಾನು ಗೆರೆ ಎಳೆದಿದ್ದ ಜಾಗದಲ್ಲಿ ಎರಡು ಸಾಲು ಕುರ್ಚಿ ಇದ್ದವು. ಬೆನ್ನಿಗೆ 'ಗಣ್ಯರಿಗೆ' ಎಂಬ ಚೀಟಿ.

ಅಕ್ಕ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬೇಗ ಬೇಗ ಬಂದರು.

"ರ‍್ಯಾಂಪ್ ಎಲ್ಲಿ ಅಕ್ಕ?"

"ಅದು ಆಮೇಲೆ ಹೇಳ್ತೀನಿ. ನಿನಗೇನೂ ತೊಂದರೆ ಆಗಲ್ಲ. ನಾಲ್ಕು ಜನಕ್ಕೆ ಹೇಳಿದ್ದೀನಿ, ಎತ್ತಿ ಮೇಲೆ ಇಟ್ಟುಬಿಡ್ತಾರೆ. ಎರಡು ನಿಮಿಷ ಅಷ್ಟೇ."

"ನಾನು ಇಲ್ಲಿಂದಲೇ ಮಾತಾಡ್ತೀನಿ. ಮೈಕ್ ಕೆಳಗೆ ಕೊಡಿ."

"ಕೌನ್ಸಿಲ್‌ನವರೆಲ್ಲ ಬಂದಿದ್ದಾರೆ ಕಣೇ. ಚೆನ್ನಾಗಿರಲ್ಲ."

ಅಷ್ಟರಲ್ಲಿ ಅಧ್ಯಕ್ಷರು ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಈ ಹಾಲಿಗೆ ಸ್ಫೂರ್ತಿ ಎಂದರು. ನಾನು ಎರಡೂ ಬ್ರೇಕ್ ಹಾಕಿದೆ. ನಾಲ್ವರು ಬಂದರು, ಎಲ್ಲರೂ ಪರಿಚಯದವರೇ. "ಬೇಡ," ಎಂದೆ. ಒಬ್ಬರು ನಕ್ಕು, "ಭಯ ಬೇಡಿ ಮೇಡಂ, ಬೀಳಿಸಲ್ಲ," ಎಂದರು. ನನ್ನ ಗಂಡ ಅವರ ಕೈ ತಡೆಯಲು ಮುಂದೆ ಬರುವ ಹೊತ್ತಿಗೆ ಕುರ್ಚಿ ನೆಲ ಬಿಟ್ಟಿತ್ತು. ಬೀಳುವ ಹೆದರಿಕೆಗೆ ಎರಡೂ ಕಡೆಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. ಮೂರನೇ ಸಾಲಿನಲ್ಲಿ ಮಗಳು ಮಾತ್ರ ಕೂತೇ ಇದ್ದಳು, ತಲೆ ತಗ್ಗಿಸಿಕೊಂಡು.

ಮೇಲೆ ಕೂರಿಸಿ ಕೈಗೆ ಮೈಕ್ ಕೊಟ್ಟರು. ಅದೊಂದು ಕ್ಷಣ ನನ್ನದಾಗಿತ್ತು. ಏನು ಬೇಕಾದರೂ ಹೇಳಬಹುದಿತ್ತು. ನಾನು ಬರೆದುಕೊಂಡು ಬಂದಿದ್ದ ಕಾಗದವನ್ನೇ ಓದಿದೆ. ಎಲ್ಲರಿಗೂ ಬಾಗಿಲು ತೆರೆದಿದ್ದೀರಿ, ಧನ್ಯವಾದ ಎಂದೆ. ಅಭ್ಯಾಸಬಲ, ಪರವಾಗಿಲ್ಲ ಎಂದು ಎಷ್ಟು ವರ್ಷ ಹೇಳಿದ್ದೆನೋ. ಕಾರಿನಲ್ಲಿ ಮಗಳು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು, ನೀನು ಯಾಕೆ ಥ್ಯಾಂಕ್ಸ್ ಹೇಳಿದೆ ಅಂತ.

ಮಾರನೆಯ ದಿನ ಅಕ್ಕನ ಮನೆಗೆ ಹೋದೆ. ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ನಡೆಸುವ ಹಾಗೆ ಮಾಡಿಸಿದ ಕಾರು ನನ್ನದು. ಅವರ ಮನೆಗೂ ಮುಂದೆ ಮೆಟ್ಟಿಲಿತ್ತು, ಹಾಗಾಗಿ ನಾವು ಯಾವಾಗಲೂ ಗರಾಜಿನಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆವು. ಅಂದು ಕಾಫಿ ಬೇಡ ಎಂದೆ.

"ಯಾವಾಗ ತೀರ್ಮಾನ ಆಯ್ತು?"

ಅವರು ವಾಷಿಂಗ್ ಮೆಷೀನಿನ ಮೇಲಿದ್ದ ಬಟ್ಟೆ ಮಡಚತೊಡಗಿದರು. "ಗ್ರಾಂಟ್ ಬಂದ ಮುಂದಿನ ಮೀಟಿಂಗಲ್ಲೇ. ಎರಡು ಸಾಲು ಕುರ್ಚಿ ಹೋಗುತ್ತೆ ಅಂತ ಎಲ್ಲರೂ ಗಲಾಟೆ ಮಾಡಿದ್ರು. ಮದುವೆ ರಿಸೆಪ್ಷನ್‌ಗೆ ಬಾಡಿಗೆ ಕೊಡೋಕೆ ಜಾಗ ಸಾಲಲ್ಲ ಅಂದ್ರು."

"ನೀವೇನಂದ್ರಿ?"

"ನಾನೊಬ್ಳೇ ಏನ್ ಹೇಳ್ಲಿ? ಕೈ ಎತ್ತಿದೆ."

"ಆರು ತಿಂಗಳು ನನಗೆ ಪ್ಲಾನ್ ಪ್ರಕಾರ ನಡೀತಿದೆ ಅಂದ್ರಲ್ಲ ಅಕ್ಕ."

"ಹೇಳಿದ್ರೆ ನೀನು ಬಿಡ್ತಿದ್ಯಾ? ವರ್ಷಕ್ಕೆ ಒಂದ್ಸಲ ಸ್ಟೇಜ್ ಹತ್ತೋದಕ್ಕೆ ಅಷ್ಟು ಜಾಗ ಯಾಕೆ ಅಂತ ಅವರು ಕೇಳಿದ್ರು. ನನಗೂ ಹೌದು ಅನ್ನಿಸ್ತು. ನಿನ್ನನ್ನ ಎತ್ತೋಕೆ ನಾವಿಲ್ವಾ?"

ಅವರ ದನಿಯಲ್ಲಿ ಮೋಸವಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನನ್ನ ನೀರು ಕುಡಿಯದ ಕಥೆ ಓದಿ ಕಣ್ಣೊರೆಸಿಕೊಂಡಿದ್ದವರು ಅವರೇ. ಕಥೆ ಬೇಕಾಗಿತ್ತು, ಫೋಟೋ ಬೇಕಾಗಿತ್ತು. ನಾನು ಒಬ್ಬಳೇ ಮೇಲೆ ಹತ್ತುವುದು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಮೂರು ವಾರದ ನಂತರ ಕೌನ್ಸಿಲ್ ಕಚೇರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಕೆಲಸ ಮುಗಿದಿದೆಯೆಂಬ ವರದಿ ತಲುಪಿದೆ, ನೀವು ವೇದಿಕೆಯ ಮೇಲೆ ಮಾತಾಡುತ್ತಿರುವ ಫೋಟೋ ತುಂಬ ಚೆನ್ನಾಗಿದೆ, ನಮ್ಮ ಪತ್ರಿಕೆಯಲ್ಲಿ ಹಾಕಬಹುದೇ ಎಂದು ಕೇಳಿದರು. ಫೋಟೋದ ಕೆಳಗೆ ಏನು ಬರೆದಿದ್ದಾರೆ ಎಂದು ಕೇಳಿದೆ. ಓದಿ ಹೇಳಿದರು. ನಾನು ಹೊಸ ವೇದಿಕೆಯನ್ನು ಬಳಸುತ್ತಿರುವುದು ಎಂದಿತ್ತು. ವರದಿಗೆ ಸಹಿ ಹಾಕಿದವರು ಸೆಕ್ರೆಟರಿ.

ಆ ಹೆಂಗಸು ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದರು. ಆಸ್ಪತ್ರೆಯ ಬಾಚಣಿಗೆ ನೆನಪಾಯಿತು ಎಂದರೆ ಸುಳ್ಳಲ್ಲ. ಆಮೇಲೆ, "ನಾನು ಹತ್ತಲಿಲ್ಲ. ಬೇಡ ಎಂದರೂ ಎತ್ತಿ ಇಟ್ಟರು. ಅಲ್ಲಿ ರ‍್ಯಾಂಪ್ ಇಲ್ಲ," ಎಂದೆ. ನನ್ನ ನಕ್ಷೆಯನ್ನೂ ಕಳಿಸಿಕೊಟ್ಟೆ.

ಪರಿಶೀಲನೆಗೆ ಜನ ಬಂದರು. ಒಪ್ಪಿದ ನಕ್ಷೆಯಂತೆ ಪೂರ್ತಿ ಮಾಡಿ ಎಂದು ಕಮಿಟಿಗೆ ಕಾಗದ ಬಂತು. ಆ ವಾರವೇ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು. ಟೂಂಗಾಬಿಯ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ, ಅಂದು ನನ್ನ ಕುರ್ಚಿ ಎತ್ತಿದ್ದ ನಾಲ್ವರಲ್ಲಿ ಒಬ್ಬರು ಎದುರಾದರು. "ನಮ್ಮೊಳಗೇ ಹೇಳಬಹುದಿತ್ತಲ್ಲ ಮೇಡಂ. ಹೊರಗಿನವರ ಮುಂದೆ ಮರ್ಯಾದೆ ತೆಗೆದ್ರಿ," ಎಂದರು. ಅಂದು 'ಬೇಡ' ಎಂದು ನಮ್ಮೊಳಗೇ ಹೇಳಿದ್ದೆ, ಅವರಿಗೇ ಹೇಳಿದ್ದೆ. ಅದನ್ನು ನೆನಪಿಸಿದೆ. ಅವರು ಬುಟ್ಟಿ ಬಿಟ್ಟು ಹೊರಗೆ ಹೋದರು. ದೀಪಾವಳಿಗೆ ಯಾರೂ ಕರೆಯಲಿಲ್ಲ. ಮಗಳ ಜೊತೆ ಆಡುತ್ತಿದ್ದ ಮಕ್ಕಳೂ ಬರುವುದು ನಿಲ್ಲಿಸಿದರು. ನನಗಾದದ್ದಕ್ಕಿಂತ ಅದು ಹೆಚ್ಚು ನೋವು ಕೊಟ್ಟಿತು.

ಮುಂದಿನ ವರ್ಷ ಗಂಡನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಸಾಮಾನು ಲಾರಿಗೆ ಏರುತ್ತಿದ್ದ ದಿನ ಅಕ್ಕ ಬಂದರು. ಗೇಟಿನ ಹತ್ತಿರವೇ ನಿಂತರು. ಕೂದಲು ಬೆಳ್ಳಗಾಗಿತ್ತು, ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು.

"ಹೇಳದೇ ಹೋಗ್ತಿದ್ದೀಯ."

"ಹೇಳೋಕೆ ನೀವು ಫೋನ್ ಎತ್ತಲಿಲ್ಲ."

"ಹೇಗೆ ಎತ್ಲಿ? ನನ್ನ ಸಹಿ ಸುಳ್ಳು ಅಂತ ಹೇಳಿಬಿಟ್ಟೆ. ಕಮಿಟಿ ಬಿಡಬೇಕಾಯ್ತು. ನಿನಗೆ ನಾನೇನು ಕಡಿಮೆ ಮಾಡಿದ್ದೆ?" ದನಿ ಒಡೆಯಿತು. "ತಂಗಿ ಅಂದ್ಕೊಂಡಿದ್ದೆ. ಹೀಗೆ ಬೆನ್ನಿಗೆ ಚೂರಿ ಹಾಕ್ತೀಯ ಅಂದ್ಕೊಂಡಿರ್ಲಿಲ್ಲ."

ನನಗೆ ಅವರು ಮೋಸ ಮಾಡಿದರು ಎಂದು ನಾನು ಒಂದು ವರ್ಷ ಕುದ್ದಿದ್ದೆ. ಅದೇ ಒಂದು ವರ್ಷ, ಅದೇ ಮಾತಿನಲ್ಲಿ, ಅವರು ನನ್ನ ಮೇಲೆ ಕುದ್ದಿದ್ದರು. ಕ್ಷಮೆ ಕೇಳಲು ಬಂದಿರಬಹುದು ಎಂದು ಗೇಟಿನ ಸದ್ದಾದಾಗ ಆಸೆಪಟ್ಟಿದ್ದೆ. ಅವರು ನನ್ನಿಂದ ಅದನ್ನು ನಿರೀಕ್ಷಿಸಿ ಬಂದಿದ್ದರು.

"ಆಸ್ಪತ್ರೆಲಿ ನೀವು ಮಾಡಿದ್ದನ್ನ ಮರೆಯಲ್ಲ ಅಕ್ಕ," ಎಂದೆ. "ಆದರೆ ಕೌನ್ಸಿಲ್‌ನವರ ಫೋನಿಗೆ ಇವತ್ತೂ ಅದೇ ಉತ್ತರ ಕೊಡ್ತೀನಿ."

ಅವರು ತಲೆ ಆಡಿಸಿದರು, ಒಪ್ಪಿಗೆಯಲ್ಲ. ಮಗಳ ಕೆನ್ನೆ ಸವರಿ ಹೊರಟುಹೋದರು.

ಈಗ ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನಲ್ಲಿದ್ದೇವೆ. ಇಲ್ಲಿಂದ ಊರೊಳಗೆ ಫ್ರೀವೇಯಲ್ಲಿ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಮೆಲ್ಬರ್ನಿನ ಹಳೆಯ ಟ್ರಾಮ್‌ಗಳಿಗೆ ಮೆಟ್ಟಿಲಿದೆ. ಸ್ಟಾಪಿನಲ್ಲಿ ಒಂದು ಹೋಗಲು ಬಿಟ್ಟು, ನೆಲಕ್ಕೆ ಸಮನಾದದ್ದು ಬರುವವರೆಗೆ ಕಾಯಬೇಕು. ಆ ಟ್ರಾಮುಗಳು ನನಗೆ ಯಾವ ಮಾತೂ ಕೊಟ್ಟಿರಲಿಲ್ಲ, ಹಾಗಾಗಿ ಅವುಗಳ ಮೇಲೆ ಅಂಥ ಸಿಟ್ಟಿಲ್ಲ. ಇಲ್ಲಿನ ಕನ್ನಡದವರೊಬ್ಬರು ಅವರ ಕಾರ್ಯಕ್ರಮದ ಜಾಗ ನೋಡಿ ಸಲಹೆ ಕೊಡಿ ಎಂದು ಕೇಳಿದರು. ನನ್ನ ಕಥೆ, ಫೋಟೋ ಎರಡೂ ಕೊಡುವುದಿಲ್ಲ, ಕೆಲಸ ನಡೆಯುವಾಗ ಪ್ರತಿ ವಾರ ಬಂದು ನೋಡುತ್ತೇನೆ, ನಕ್ಷೆ ಬದಲಿಸುವ ಮೀಟಿಂಗಿಗೆ ನನ್ನನ್ನು ಕರೆಯಬೇಕು ಎಂದೆ. ಯೋಚಿಸಿ ಹೇಳುತ್ತೇವೆ ಎಂದರು. ಇನ್ನೂ ಹೇಳಿಲ್ಲ.

ಸಿಡ್ನಿಯ ಹಾಲಿಗೆ ರ‍್ಯಾಂಪ್ ಬಂದಿದೆ ಎಂದು ಹಳೆಯ ಪರಿಚಯದವರೊಬ್ಬರು ಹೇಳಿದರು. ಪಾರ್ಶ್ವವಾಯುವಿನ ಅಂಕಲ್ ಯುಗಾದಿಗೆ ವಾಕರ್ ಹಿಡಿದು, ನಿಧಾನವಾಗಿ, ಒಬ್ಬರೇ ಮೇಲೆ ಹೋಗಿ ಪಂಚಾಂಗ ಓದಿದರಂತೆ. ಅಷ್ಟು ಹೊತ್ತು ಇಡೀ ಸಭೆ ಕಾದು ಕೂತಿತ್ತಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ. ಕೇಳಿ ಸಂತೋಷವಾಯಿತು. ಅಕ್ಕ ಬಂದಿದ್ದರಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.