ಕೇಬಲ್ ಹಿಡಿದುಕೊಂಡವನು

ಮೊಬೈಲ್ ಟವರ್‌ಗಳ ಕೇಬಲ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೀಟರಿನ ಬಾಯಿಗೆ ಕೇಬಲ್ ಸೇರಿಸುವಾಗ ತಿರುಗಬೇಕಾದ್ದು ಅದರ ತುದಿಯ ಕನೆಕ್ಟರಿನ ಹೊರಗಿನ ನಟ್ಟು ಮಾತ್ರ. ಕೇಬಲ್ಲೇ ತಿರುಗಿದರೆ ಒಳಗಿನ ಸೂಜಿಯಂಥ ಪಿನ್ನೂ ಅದು ಕೂರುವ ಮೀಟರಿನ ರಂಧ್ರವೂ ಉಜ್ಜಿ ಹಾಳಾಗುತ್ತವೆ. ಅದಕ್ಕೇ ಇಬ್ಬರು ಬೇಕು: ಒಬ್ಬ ಕೇಬಲ್ಲನ್ನು ನೆಟ್ಟಗೆ ಹಿಡಿದಿರಬೇಕು, ಇನ್ನೊಬ್ಬ ನಟ್ಟು ಬಿಗಿಯಬೇಕು. ಹದಿಮೂರು ವರ್ಷ ಹಾಗೆ ಹಿಡಿದವನು ನಮ್ಮ ಜೀಪಿನ ಡ್ರೈವರ್. ಮದ್ದೂರಿನವನು, ನನ್ನ ವಯಸ್ಸಿನವನೇ.

ಈ ವಿಷಯದಲ್ಲಿ ನಾನು ಮಹಾ ಮಡಿವಂತ. ಕನೆಕ್ಟರಿನ ಬಾಯಿಗೆ ಯಾರಾದರೂ ಬೆರಳು ತಾಗಿಸಿದರೆ ರೇಗುತ್ತಿದ್ದೆ. ಕೆಲಸ ಮುಗಿದ ತಕ್ಷಣ ಮುಚ್ಚಳ ಹಾಕದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

"ಎಂಡ್ರನ್ನೂ ಇಷ್ಟು ನಾಜೂಕಾಗಿ ನೋಡ್ಕಂಡಿರಕ್ಕಿಲ್ಲ ಕಣ್ಲಾ ನೀನು," ಎಂದು ಅವನು ನಗುತ್ತಿದ್ದ.

ಒಂದು ದಿನ ಕೊಪ್ಪದ ಟವರಿನಲ್ಲಿ ಮೀಟರು ತಪ್ಪು ಅಳತೆ ತೋರಿಸಿತು. ನೋಡಿದರೆ ಅದರ ಬಾಯೊಳಗಿನ ರಂಧ್ರ ಅಗಲವಾಗಿತ್ತು. ನನಗೆ ತಲೆ ಕೆಟ್ಟಿತು. ಕೇಬಲ್ ತಿರುಚಿದ್ದು ನೀನೇ ಎಂದು ಅವನ ಮೇಲೆ ಕೂಗಾಡಿದೆ. ಮಂಡ್ಯದ ಆಫೀಸಿಗೆ ಕೊಟ್ಟ ವರದಿಯಲ್ಲೂ ಹಾಗೇ ಬರೆದೆ. ಅವನು ಕೇಬಲ್ ಸುತ್ತಿ ಜೀಪಿನಲ್ಲಿಟ್ಟ. ವಾರದೊಳಗೆ ಅವನನ್ನು ಕೆಲಸದಿಂದ ಬಿಡಿಸಿದರು.

ಆಮೇಲೆ ಜೀಪನ್ನು ನಾನೇ ಓಡಿಸಿದೆ. ಕೇಬಲ್ಲನ್ನು ಮೊಣಕಾಲಿಗೆ ಒರಗಿಸಿಕೊಂಡು ಒಬ್ಬನೇ ನಟ್ಟು ಬಿಗಿದೆ. ಮಳವಳ್ಳಿ ರಸ್ತೆಯುದ್ದಕ್ಕೂ ಮಾತಿಗೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಬುತ್ತಿ ಬಿಚ್ಚಿದರೆ ಅವನ ಪಾಲಿನ ಅರ್ಧ ಹಾಗೇ ಮನೆಗೆ ವಾಪಸ್ಸು. ಸಿಟ್ಟು ಇದ್ದಷ್ಟು ದಿನ ಹೇಗೋ ಕಳೆಯಿತು. ಅದು ಇಳಿದ ಮೇಲೆ ಕಷ್ಟವಾಯಿತು.

ನಾಲ್ಕು ತಿಂಗಳಿಗೆ, ರಿಪೇರಿಯಾಗಿ ಬಂದ ಮೀಟರಿನ ಬಾಯಿ ಮತ್ತೆ ಹಾಗೇ ಅಗಲವಾಯಿತು. ಈ ಸಲ ಬೈಯಲು ಯಾರೂ ಇರಲಿಲ್ಲ. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತ ಹೋದೆ. ಪರೀಕ್ಷೆಗೆ ಮುಂಚೆ ಮೀಟರನ್ನು ಹದಕ್ಕೆ ತರಲು ಅದರ ಬಾಯಿಗೆ ಹಾಕುವ, ಪಿನ್ನಿರುವ ಸಣ್ಣ ಲೋಹದ ತುಂಡೊಂದಿದೆ. ಅದನ್ನು ನಾನು ಬೇರೆಯವರಿಗೆ ಮುಟ್ಟಲೂ ಕೊಟ್ಟವನಲ್ಲ. ಅದರ ಪಿನ್ನೇ ಕೂದಲೆಳೆಯಷ್ಟು ಸೊಟ್ಟಗಾಗಿತ್ತು! ಕೊಪ್ಪದ ಆ ದಿನಕ್ಕೂ ಮುಂಚೆ ಒಮ್ಮೆ ಮುತ್ತತ್ತಿಯಲ್ಲಿ ಅದನ್ನು ಬಂಡೆಯ ಮೇಲೆ ಬೀಳಿಸಿ, ಅಂಗಿಗೆ ಒರೆಸಿ, ನೋಡದೆಯೇ ಜೇಬಿಗಿಳಿಸಿದ್ದೆ. ಕೆಟ್ಟ ಪಿನ್ನು ತಾನು ಸೇರಿದ ಬಾಯನ್ನೆಲ್ಲ ಕೆಡಿಸುತ್ತದೆ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ನಾಚಿಕೆಯಿಂದ ಕುಗ್ಗಿಹೋದೆ.

ಅವನಿಗೆ ಫೋನ್ ಮಾಡಿದೆ. ಈಗ ಶಾಲೆಯೊಂದರ ವ್ಯಾನ್ ಓಡಿಸುತ್ತಿದ್ದಾನೆ. ತಪ್ಪು ನಂದೇ, ವರದಿ ತಿದ್ದಿ ಕಳಿಸಿದ್ದೀನಿ, ವಾಪಸ್ ಬಾ ಎಂದೆ. ಆ ಕಡೆಯಿಂದ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

"ಬುಡಿ ಸಾರ್, ಆಗೋಯ್ತು," ಎಂದ. "ಮಕ್ಳು ಕಾಯ್ತಾವೆ."

ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಸಾರ್ ಎಂದದ್ದು ಅದೇ ಮೊದಲು.