ಆರಕ್ಕೆ ಆರೂ ಬಲಗೈ

ಮದುವೆಯಾದ ಹೊಸದರಲ್ಲಿ ನಾನು ಅತ್ಯಂತ ಪ್ರೀತಿಯಿಂದ ಓದಿದ ಪುಸ್ತಕವೆಂದರೆ ಲೇತ್ ಮಷಿನ್ನಿನ ಟೂಲುಗಳ ಕ್ಯಾಟಲಾಗು. ನಗಬೇಡಿ. ಎಪ್ಪತ್ತರ ದಶಕದ ಹಿರಿಯೂರಿನಲ್ಲಿ ಹೊಸ ಗಂಡ ಹೆಂಡತಿ ಹಾಡುಹಗಲಲ್ಲಿ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರಬೇಕೆಂದರೆ ಅದಕ್ಕೊಂದು ಗಟ್ಟಿ ಕಾರಣ ಬೇಕಿತ್ತು. ನಮಗೆ ಆ ಕ್ಯಾಟಲಾಗು ಸಿಕ್ಕಿತ್ತು.

ನಮ್ಮ ಯಜಮಾನರು ಆಗ ಚಿತ್ರದುರ್ಗದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಟರ್ನರ್, ಲೇತಿನಲ್ಲಿ ಕಬ್ಬಿಣ ತಿರುಗಿಸಿ ಹೆರೆಯುವವರು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿದರೆ ಶನಿವಾರ ಸಂಜೆಯೇ ಮನೆ ಕಾಣುವುದು. ಊಟ, ನಿದ್ದೆ ಎಲ್ಲ ಶಾಪಿನಲ್ಲೇ. ಮದುವೆಯಾಗಿ ನಾಲ್ಕು ತಿಂಗಳಾದರೂ ನಾನು ಗಂಡನ ಜೊತೆ ಕಳೆದದ್ದು ಬರೀ ಭಾನುವಾರಗಳನ್ನು. ಉಳಿದ ಆರು ದಿನ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಮಾವ ಕಮ್ಮಾರರು. ಮನೆಯ ಮಗ್ಗುಲಲ್ಲೇ ರಸ್ತೆಗೆ ಮುಖ ಮಾಡಿ ಅವರ ಕುಲುಮೆ ಇತ್ತು. ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಊಟಕ್ಕೆ ಬನ್ನಿ ಎಂದು ನಾನು ಬಾಗಿಲ ಮರೆಯಿಂದ ಗೋಡೆಗೆ ಹೇಳುತ್ತಿದ್ದೆ, ಅವರೂ ಗೋಡೆಗೇ ಹೂಂ ಅನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಅಪ್ಪ ಮಗ ಸೇರಿ ಕುಲುಮೆಯ ಪಕ್ಕದಲ್ಲಿ ಸ್ವಂತ ಶಾಪು ಮಾಡುವುದೆಂದು ತೀರ್ಮಾನಿಸಿದರು. ಹೊಸ ಲೇತು ಬರುವುದೆಂದಾಯಿತು. ಚಿತ್ರದುರ್ಗದ ಧಣಿ ಒಳ್ಳೆಯವರೇ. "ನಡೆದ್ರೆ ನಡೆಸಪ್ಪ. ಒಂದು ತಿಂಗಳು ನಿನ್ನ ಜಾಗ ಹಂಗೇ ಇಟ್ಟಿರ್ತೀನಿ, ಆಗ್ಲಿಲ್ಲ ಅಂದ್ರೆ ಸೋಮವಾರದ ಬಸ್ಸಿಗೆ ಬಂದುಬಿಡು" ಎಂದಿದ್ದರಂತೆ. ಅದನ್ನು ಕೇಳಿ ಎಲ್ಲರೂ ಧಣಿಯ ದೊಡ್ಡ ಮನಸ್ಸನ್ನು ಹೊಗಳಿದರು. ನನಗೆ ಮಾತ್ರ ಆ ಮನುಷ್ಯನ ಮೇಲೆ ಕಡುಕೋಪ. ಊರಿನವರಿಗೆ ಲೇತೆಂದರೆ ಮಷಿನ್ನು, ನನಗೆ ಲೇತೆಂದರೆ ಗಂಡ. ಅದು ನಡೆದರೆ ಅವರು ವಾರದ ಏಳೂ ದಿನ ಮನೆಯಲ್ಲಿ, ನಿಂತರೆ ಮತ್ತೆ ಭಾನುವಾರದ ನೆಂಟ.

ಮಷಿನ್ನಿನ ಜೊತೆಗೆ ಆರು ಟೂಲುಗಳನ್ನು ನಿಮಗೆ ಬೇಕಾದ ಹಾಗೆ ಆರಿಸಿಕೊಳ್ಳಿ ಎಂದು ಕಂಪನಿಯವರು ಕ್ಯಾಟಲಾಗು ಕಳಿಸಿದರು. ಇಂಗ್ಲಿಷಿನಲ್ಲಿತ್ತು. ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕಲಿತ ನನ್ನ ಇಂಗ್ಲಿಷು ಅಲ್ಲಿಯವರೆಗೆ ಯಾವ ಕೆಲಸಕ್ಕೂ ಬಂದಿರಲಿಲ್ಲ, ಈಗ ಅದಕ್ಕೆ ಒಮ್ಮೆಲೇ ಸಿಂಹಾಸನ ಸಿಕ್ಕಿತು. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿ ನಾನು ಓದುವುದು, ಅವರು ಅರ್ಥ ಹೇಳುವುದು. ಒಂದು ಹೊರಮೈ ಹೆರೆಯಲು, ಒಂದು ತೂತಿನ ಒಳಗೆ ಹೋಗಲು, ಒಂದು ಬೋಲ್ಟಿನ ಸುತ್ತ ಮರೆ ಕೊರೆಯಲು. ಕಬ್ಬಿಣವನ್ನು ಬೆಣ್ಣೆಯ ಹಾಗೆ ಕುಯ್ಯುತ್ತದೆಂದು ಹೊಗಳಿಸಿಕೊಂಡಿದ್ದ ಕಾರ್ಬೈಡ್ ತುದಿಯ ಟೂಲುಗಳ ಪುಟ ಬಂದರೆ ಇಬ್ಬರಿಗೂ ಉಸಿರು ನಿಲ್ಲುತ್ತಿತ್ತು. ಒಂದೇ ಪುಟವನ್ನು ಮೂರು ಭಾನುವಾರ ಓದಿದ್ದೇವೆ. ಮಾವ ಬರುವ ಮುಂಚೆ ದೂರದಿಂದಲೇ ಕೆಮ್ಮುತ್ತಿದ್ದರು, ನಾವು ಒಂದು ಮೊಳ ಸರಿದು ಕೂರುತ್ತಿದ್ದೆವು.

"ಅವೆಲ್ಲ ಯಾಕಲೇ" ಎಂದು ಮಾವ ಒಮ್ಮೆ ಮಗನಿಗೆ ಹೇಳಿದರು. "ಬರೀ ಉಕ್ಕಿನ ತುಂಡು ತರಿಸ್ರಿ. ಹೆಂಗ್ ಬೇಕೋ ಹಂಗೆ ಸಾಣೆ ಹಿಡ್ಕಳಾಣ."

ನಾವು ಕೇಳಲಿಲ್ಲ. ಅಷ್ಟು ಚಂದದ ಟೂಲುಗಳನ್ನು ಬಿಟ್ಟು ಬರೀ ತುಂಡು ಯಾರಿಗೆ ಬೇಕು. ಆರಕ್ಕೆ ಆರೂ ಕಾರ್ಬೈಡೇ ಇರಲಿ ಎಂದು ಯಜಮಾನರು ಪೆನ್ಸಿಲಿನಲ್ಲಿ ಗುರುತು ಹಾಕಿದರು: ನಾಲ್ಕು ಬಲಗೈ ಟೂಲು, ಎರಡು ಎಡಗೈ ಟೂಲು. ಬಲಗೈ ಟೂಲು ಬಲದಿಂದ ಎಡಕ್ಕೆ ಹೆರೆಯುತ್ತ ಹೋಗುತ್ತದೆ, ಎಡಗೈ ಟೂಲು ಎಡದಿಂದ ಬಲಕ್ಕೆ ಎಂದು ಬೆರಳಾಡಿಸಿ ತೋರಿಸಿದರು ಕೂಡ. ಬೆರಳನ್ನು ನನ್ನ ಮುಂಗೈ ಮೇಲೆ ಆಡಿಸಿ ತೋರಿಸಿದ್ದರಿಂದ ಪಾಠ ನನ್ನ ತಲೆಗೆ ಎಷ್ಟು ಹೋಯಿತೆಂದು ಹೇಳಲಾರೆ. ಅವರು ಸೋಮವಾರದ ಬಸ್ಸಿಗೆ ಹೋದರು. ಆರ್ಡರು ಬರೆದು ಅಂಚೆಗೆ ಹಾಕುವ ಕೆಲಸ ನನ್ನದಾಯಿತು.

ಬರೆಯಲು ಕೂತೆ. ನಾಲ್ಕು ಬಲಗೈ ಬರೆದಾಯಿತು. ಎಡಗೈ ಎನ್ನುವಲ್ಲಿ ಪೆನ್ನು ಮುಂದಕ್ಕೆ ಹೋಗಲೊಲ್ಲದು. ನಾನು ಆ ಮನೆಗೆ ಬಲಗಾಲಿಟ್ಟು ಬಂದವಳು. ಬಲಗೈಯಲ್ಲಿ ಕೊಡು, ಬಲಗೈಯಲ್ಲಿ ತಗೊ, ಬಲಗೈಯಲ್ಲಿ ಬಡಿಸು ಎಂದು ಅಮ್ಮ ಹೊಳಲ್ಕೆರೆಯಿಂದ ಬಸ್ಸು ಹೊರಡುವವರೆಗೂ ಕಿಟಕಿಯ ಹೊರಗೆ ನಿಂತು ಹೇಳಿದ್ದಳು. ಹಿರಿಯೂರಿನಲ್ಲಿ ತಪ್ಪು ಹಿಡಿಯಲು ಅತ್ತೆ ಇರಲಿಲ್ಲ, ನಾನು ಬರುವ ಎಷ್ಟೋ ವರ್ಷ ಮೊದಲೇ ತೀರಿಹೋಗಿದ್ದರು. ಅದಕ್ಕೇ ನನಗೆ ನಾನೇ ಅತ್ತೆಯಾಗಿಬಿಟ್ಟಿದ್ದೆ. ಮನೆಗೆ ಮೊದಲ ಮಷಿನ್ನು ಬರುತ್ತಿದೆ, ಮೊದಲ ಆರ್ಡರಿನಲ್ಲೇ ಎಡಗೈ ಎಂದು ನನ್ನ ಕೈಯಾರೆ ಬರೆಯುವುದೇ? ಹಾಗೆ ನೋಡಿದರೆ ನಮ್ಮ ಕಡೆ ಎಡಗೈಗೆ ಗೊತ್ತು ಮಾಡಿದ ಕೆಲಸ ಒಂದೇ, ಅದಕ್ಕೆ ಲೇತು ಬೇಕಾಗಿಲ್ಲ. ಬಲಗೈ ಇರುವಾಗ ಕೆಲಸ ನಿಲ್ಲುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡು, ನಿಲ್ಲುವುದಿಲ್ಲ ಎಂದು ನಾನೇ ಉತ್ತರ ಕೊಟ್ಟುಕೊಂಡು, ಆರಕ್ಕೆ ಆರೂ ಬಲಗೈ ಎಂದು ಬರೆದು ಲಕೋಟೆಗೆ ಅಂಟು ಹಚ್ಚಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನನ್ನದೂ ಅದೇ ಕಥೆ.

ಯಜಮಾನರು ಚಿತ್ರದುರ್ಗ ಬಿಟ್ಟು ಬಂದರು, ಲೇತು ಲಾರಿಯಲ್ಲಿ ಬಂತು. ಅದನ್ನು ಇಳಿಸಿದ ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ರಂಗೋಲಿ ಹಾಕಿದೆ, ಮಷಿನ್ನಿನ ಹಣೆ ಎಲ್ಲಿದೆಯೆಂದು ತಿಳಿಯದೆ ನಾಲ್ಕು ಕಡೆ ಕುಂಕುಮ ಹಚ್ಚಿದೆ. ಯಜಮಾನರು ಟೂಲುಗಳಲ್ಲಿ ಮೂರನ್ನು ಬಿಚ್ಚಿ ಕೆಲಸ ಶುರು ಮಾಡಿದರು. ಉಳಿದ ಮೂರು ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೇ ಗೂಡಿನಲ್ಲಿದ್ದವು. ಎರಡು ವಾರ ಬುಷ್ಷು, ಪಿನ್ನಿನ ಸಣ್ಣಪುಟ್ಟ ಕೆಲಸ ಬಂದವು. ಗಂಡ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ ಎಂಬುದೇ ನನಗೆ ದಿನಾ ಹಬ್ಬ. ಬುಧವಾರ ಗಂಡನಿಗೆ ಬಡಿಸಿದ ನನ್ನ ಸಂಭ್ರಮ ಅನುಭವಿಸಿದವರಿಗೇ ಗೊತ್ತು.

ಧಣಿ ಕೊಟ್ಟ ತಿಂಗಳ ಕೊನೆಯ ವಾರ ಆದಿವಾಲದ ಕಡೆಯ ಒಬ್ಬ ಆಲೆಮನೆಯ ಯಜಮಾನ ಎತ್ತಿನ ಗಾಡಿಯಲ್ಲಿ ಕಬ್ಬಿನ ಗಾಣದ ಉರುಳೆ ತಂದರು. ಒಂದು ತುದಿಯಲ್ಲಿ ದೊಡ್ಡ ಹಲ್ಲುಗಾಲಿ ಕೂತಿತ್ತು. ಗಾಲಿಗೂ ಉರುಳೆಗೂ ನಡುವಿನ ಕತ್ತು ಸವೆದು ಅಂಕುಡೊಂಕಾಗಿತ್ತು. ಅದನ್ನು ಹೆರೆದು ನುಣುಪು ಮಾಡಿ, ಎರಡು ಹೋಳಾಗಿ ಬಂದು ಕತ್ತನ್ನು ಬಳೆಯಂತೆ ಸುತ್ತುವ ಹೊಸ ಬುಷ್ಷು ಕೂರಿಸಬೇಕು.

"ನಾಳೆ ಸಂಜೆಗೆ ಬೇಕ್ರಿ" ಎಂದರು ಅವರು. "ಕಬ್ಬು ಕಡಿದು ಹಾಕೈತೆ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡ್ರಿ, ಚಿತ್ರದುರ್ಗಕ್ಕೆ ಹೋಗಾಣ ಅಂತ ಎತ್ತಿನ ಕೊಳ್ಳು ಇನ್ನೂ ಬಿಚ್ಚಿಲ್ಲ. ಆತು ಅಂದ್ರೆ ನಮ್ ಕಡೆ ಆಲೆಮನೆ ಗಾಣ ಎಲ್ಲಾ ನಿಮ್ ತಾವಕ್ಕೇ ಬರ್ತವೆ."

"ಕುಂತ್ಕಳ್ರಿ, ಮಾಡಾಣ" ಎಂದರು ನಮ್ಮವರು. ಇದೊಂದು ಆದರೆ ಶಾಪು ನಿಂತಿತು ಎಂದು ನನಗೂ ಗೊತ್ತಾಯಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಕುಣಿಯುವ ಹಾಗಾಯಿತು.

ಉರುಳೆಯನ್ನು ಮಷಿನ್ನಿಗೆ ಏರಿಸಿದರು. ಆ ಹಲ್ಲುಗಾಲಿ ಎಷ್ಟು ದೊಡ್ಡದೆಂದರೆ ಲೇತಿನ ಎಡತುದಿಯಲ್ಲಿದ್ದ ತಗ್ಗಿನಲ್ಲಿ ಮಾತ್ರ ತಿರುಗುತ್ತಿತ್ತು, ಅದನ್ನು ಅದಲುಬದಲು ಮಾಡಿ ಹಾಕುವಂತೆಯೇ ಇರಲಿಲ್ಲ. ಕತ್ತನ್ನು ಗಾಲಿಯ ಕಡೆಗೆ ಹೆರೆದದ್ದಾಯಿತು. ಉಳಿದದ್ದು ಬಲಬದಿಯಲ್ಲಿ, ಉರುಳೆಗೆ ತಾಗಿದ ಮೂಲೆ. ಅಲ್ಲಿಗೆ ಎಡದಿಂದ ಬಲಕ್ಕೆ ಹೋಗಬೇಕು. ಬಲಗೈ ಟೂಲಿನ ಬೆನ್ನು ಉರುಳೆಗೆ ಗುದ್ದುತ್ತದೆ, ತುದಿ ಮೂಲೆ ಮುಟ್ಟುವುದೇ ಇಲ್ಲ. ನಮ್ಮವರು ಗೂಡಿನಿಂದ ಉಳಿದ ಮೂರು ಟೂಲುಗಳನ್ನು ತೆಗೆದು ಒಂದೊಂದೇ ಕಾಗದ ಬಿಚ್ಚಿದರು. ಮೂರೂ ಒಂದೇ ಕಡೆಗೆ ಮುಖ ಮಾಡಿದ್ದವು.

ಅವರು ಸಿಟ್ಟಿನಿಂದ ಕೆಂಪಾದರು. "ಲೇ, ಪೆನ್ನು ಕಾಗದ ತಗಂಡು ಬಾರೆ. ಕಂಪನಿಯೋರು ಎಡಗೈ ಟೂಲು ಕಳ್ಸೇ ಇಲ್ಲ. ಇಂಗ್ಲೀಷ್‌ನಾಗೆ ಬರಿ, ಉಗ್ದು ಬರಿ."

ನಾನು ಹೊಸಿಲ ಒಳಗೆ ಕೂತು ಬರೆಯತೊಡಗಿದೆ. ನಿಮ್ಮನ್ನು ನಂಬಿ ಕೆಟ್ಟೆವು ಎಂದು ಹೇಳಿದರು, ಬರೆದೆ. ನಿಮ್ಮಿಂದ ನನ್ನ ಶಾಪಿನ ಮಾನ ಹೋಯಿತು ಎಂದರು, ಅದನ್ನೂ ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನಂತೂ ಕುಣಿದು ಮುಗಿಸಿ ನೆಲಕ್ಕೆ ಬೈಗುಳ ಬರೆಯುತ್ತಿದ್ದೆ. ಕೊನೆಗೆ ಅವರು, "ಎಡ ಯಾವುದು ಬಲ ಯಾವುದು ಅಂತ ಗೊತ್ತಿರೋ ಮನುಷ್ಯ ಒಬ್ಬನಾದ್ರೂ ಇದಾನೇನ್ರಿ ನಿಮ್ಮಲ್ಲಿ, ಅಂತ ಬರಿ" ಎಂದರು.

ಅದನ್ನು ಬರೆಯಲಾಗಲಿಲ್ಲ. ಪೆನ್ನು ಕೆಳಗಿಟ್ಟೆ. "ಕಂಪನಿಯೋರದು ತಪ್ಪಿಲ್ಲ. ನಾನೇ ಆರೂ ಬಲಗೈ ಅಂತ ಬರ್ದೆ. ಹೊಸ ಮಷಿನ್ನಿಗೆ ಎಡಗೈ ಯಾಕೆ ಅಂತ" ಎಂದೆ. ಆಲೆಮನೆಯವರ ಎದುರಿಗೇ, ಕುಲುಮೆಯಲ್ಲಿದ್ದ ಮಾವನಿಗೂ ಕೇಳುವ ಹಾಗೇ ಹೇಳಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಯಜಮಾನರು ಒಂದು ಬಲಗೈ ಟೂಲನ್ನು ಸಾಣೆಗೆ ಹಿಡಿದು ನೋಡಿದರು. ಆ ಕಾರ್ಬೈಡ್ ತುದಿಯನ್ನು ಬೇರೆ ಆಕಾರಕ್ಕೆ ತರೋಣವೆಂದರೆ ನಮ್ಮ ಸಾಣೆಕಲ್ಲು ಅದರ ಮೇಲೆ ಜಾರುತ್ತಿತ್ತು. ಎಡಗೈ ಟೂಲು ಹತ್ತಿರದಲ್ಲಿ ಇದ್ದದ್ದು ಚಿತ್ರದುರ್ಗದ ಧಣಿಯ ಶಾಪಿನಲ್ಲಿ. ಹೋಗಿ ಕೇಳುವುದೂ ಒಂದೇ, ನಾನು ಸೋತೆ ಎನ್ನುವುದೂ ಒಂದೇ. "ಹಂಗಾದ್ರೆ ಸೋಮವಾರದ ಬಸ್ಸೇ ಗತಿ" ಎಂದರು ಮೆಲ್ಲಗೆ. ನನ್ನ ಕೈಯಾರೆ ನಾನೇ ಗಂಡನನ್ನು ಬಸ್ಸು ಹತ್ತಿಸಿದ್ದೆ.

ಆಗ ಕುಲುಮೆಯಿಂದ ಮಾವನ ದನಿ ಬಂತು. ಮಗನನ್ನಲ್ಲ, ಗೋಡೆಯನ್ನೂ ಅಲ್ಲ, ನನ್ನನ್ನೇ ಕರೆದರು. "ಇಲ್ಲಿ ಬಾರಮ್ಮ. ತಿದಿ ಒತ್ತಾಕೆ ಬರ್ತೈತಾ?"

ಬರುತ್ತಿರಲಿಲ್ಲ. ಬರುತ್ತದೆ ಎಂದೆ. ಸೆರಗು ಸಿಕ್ಕಿಸಿಕೊಂಡು ಮೊದಲ ಸಲ ಆ ಕುಲುಮೆಯೊಳಗೆ ಕಾಲಿಟ್ಟೆ, ಯಾವ ಕಾಲೆಂದು ನೋಡಲಿಲ್ಲ. ಮಾವ ಕಬ್ಬಿಣ ಉಜ್ಜುವ ಒಂದು ಹಳೆಯ ದಪ್ಪ ಅರ ಹುಡುಕಿ ಕೆಂಡದಲ್ಲಿಟ್ಟರು. ನಾನು ತಿದಿ ಒತ್ತಿ ಕೆಂಡಕ್ಕೆ ಗಾಳಿ ಊದಿದೆ. ಮೂಗು, ಬಾಯಿ ಎಲ್ಲ ಹೊಗೆ, ಆದರೂ ಅಷ್ಟು ಆಸೆಯಿಂದ ನಾನು ಯಾವ ಒಲೆಯನ್ನೂ ಊದಿಲ್ಲ. ಅರ ಕೆಂಪಾದಾಗ ಅದನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟರು. ಸುತ್ತಿಗೆ ಎತ್ತುವ ಮುಂಚೆ ಇಕ್ಕಳ ಹಿಡಿದ ಕೈಯನ್ನು ನನಗೆ ತೋರಿಸಿದರು. ಅದು ಎಡಗೈ.

"ಬಲಗೈ ಬರೀ ಹೊಡಿತೈತಮ್ಮ" ಎಂದರು. "ಬೆಂಕಿ ಹಿಡಿಯೋದು ಇದು."

ಬಡಿದು ತುದಿಯನ್ನು ಆ ಮೂಲೆಯ ಕಡೆಗೆ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ, ಸಾಣೆಗೆ ಹಿಡಿದು ಮಗನ ಕೈಗೆ ಕೊಟ್ಟರು. ಕ್ಯಾಟಲಾಗಿನ ಯಾವ ಪುಟದಲ್ಲೂ ಇಲ್ಲದಷ್ಟು ಕುರೂಪದ ಟೂಲು. ಮರುದಿನ ಬೆಳಿಗ್ಗೆಯಿಂದ ಮಷಿನ್ನನ್ನು ನಿಧಾನಕ್ಕೆ ತಿರುಗಿಸಿ, ನಾನು ಸೋಪಿನ ನೀರು ಹನಿಸುತ್ತ ನಿಂತು, ಮೊಂಡಾದಾಗಲೆಲ್ಲ ಮಾವ ಮತ್ತೆ ಸಾಣೆ ಹಿಡಿದುಕೊಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೆರೆದೆವು. ನಾಲ್ಕು ಗಂಟೆಯ ಹೊತ್ತಿಗೆ ಮೂಲೆ ಚೊಕ್ಕಟವಾಯಿತು. ಬುಷ್ಷಿನ ಎರಡು ಹೋಳೂ ಸದ್ದಿಲ್ಲದೆ ಕತ್ತಿನ ಮೇಲೆ ಕೂತವು. ಆಲೆಮನೆಯವರು ಅದನ್ನು ನಾಲ್ಕು ಸಲ ತಿರುಗಿಸಿ ನೋಡಿ, ಗಾಡಿಗೆ ಏರಿಸುತ್ತ, "ನಾಡಿದ್ದು ನಮ್ ಭಾವ ಅವನದೂ ತರ್ತಾನೆ" ಎಂದರು. ನಾನು ಅಲ್ಲೇ ಕೂತು ನಕ್ಕುಬಿಟ್ಟೆ.

ಭಾನುವಾರ ಯಜಮಾನರು ಮತ್ತೆ ಪೆನ್ನು ಕಾಗದ ತರಲು ಹೇಳಿದರು. ಧಣಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯಬೇಕಿತ್ತು. "ಮರ್ಯಾದೆಯಾಗಿ ಬರಿ. ಸದ್ಯಕ್ಕೆ ಬರಾಕೆ ಆಗಾದಿಲ್ಲ, ಮುಂದೆ ನೋಡಾಣ ಅಂತ" ಎಂದು ಹೇಳಿ ಸ್ನಾನಕ್ಕೆ ಹೋದರು. ನಾನು ಬರೆದಿಟ್ಟೆ. ಅವರು ಬಂದು ತಲೆ ಒರೆಸಿಕೊಳ್ಳುತ್ತ ಓದಿದರು. 'ಇನ್ನು ಮೇಲೆ ನಾನು ಬರುವುದಿಲ್ಲ, ನನ್ನ ಜಾಗವನ್ನು ಬೇರೆಯವರಿಗೆ ಕೊಡಿ' ಎಂದಿತ್ತು. ಎರಡು ಸಲ ಓದಿದರು. ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಅವರು ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತು, ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು, ಸಹಿ ಹಾಕಿದರು.